ಎರಡು ಗುಂಡುಗಳ ನಡುವಿನ ವೇಳೆ: ರಿವಾಲ್ವರು ಹುಟ್ಟಿದ ಬಗೆ

1824ನೆಯ ಇಸವಿ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗವನ್ನು ನಮ್ಮ ಭಾಗದ ವಿದ್ಯಾರ್ಥಿಗಳಲ್ಲಿ ಅರಿಯದವರಿಲ್ಲ. ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ತೋಪುಗಳನ್ನು ಬಾಗಿಲ ಮುಂದೆ ನಿಲ್ಲಿಸಿ, ಬಾಗಿಲು ತೆರೆಯದಿದ್ದರೆ ಒಡೆಯುವೆನೆಂದು ಬೆದರಿಸಿದನು. ಬಾಗಿಲು ತೆರೆಯಿತು, ಆದರೆ ತೆರೆದ ಬಾಗಿಲಿನಿಂದ ಕಿತ್ತೂರಿನ ಪಡೆಯು ಒಮ್ಮೆಲೆ ಹೊರಬಿದ್ದು ಕಂಪನಿಯ ಸೈನಿಕರ ಮೇಲೆರಗಿತು. ಥ್ಯಾಕರೆಯು ಅಮಟೂರ ಬಾಳಪ್ಪನ ಗುಂಡಿಗೆ ಬಲಿಯಾದನೆಂಬುದು ಪ್ರಸಿದ್ಧವಾಗಿದೆ. ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೈನ್ಯಾಧಿಕಾರಿಗಳೂ ಮಡಿದರು. ಈಲಿಯಟ್ ಮತ್ತು ಸ್ಟೀವನ್‌ಸನ್ ಎಂಬವರು ಸೆರೆಸಿಕ್ಕರು.

ಈ ಗೆಲುವಿನ ಕಾರಣಗಳನ್ನು ಇತಿಹಾಸಕಾರರು ವಿವರಿಸಿದ್ದಾರೆ. ಭೌತಶಾಸ್ತ್ರದ ವಿದ್ಯಾರ್ಥಿಯು ಅದೇ ಸಂಗತಿಯನ್ನು ಇನ್ನೊಂದು ಬದಿಯಿಂದ ನೋಡಬಹುದು. ಆಗಿನ ಕಂಪನಿಯ ಸಿಪಾಯಿಯ ಕೈಯಲ್ಲಿದ್ದುದು ಚಕಮಕಿ ಕಲ್ಲಿನ ಬಂದೂಕು. ಒಮ್ಮೆ ಗುಂಡು ಹಾರಿಸಿದ ಮೇಲೆ ಅವನು ಕಾಗದದ ತೋಟೆಯನ್ನು ಹಲ್ಲಿನಿಂದ ಹರಿಯಬೇಕು. ಸ್ವಲ್ಪ ಮದ್ದನ್ನು ನಳಿಗೆಯ ಪಕ್ಕದ ಚಿಕ್ಕ ಬಟ್ಟಲಿಗೂ ಉಳಿದುದನ್ನು ನಳಿಗೆಯ ಬಾಯಿಗೂ ಸುರಿಯಬೇಕು. ಗುಂಡನ್ನು ಹಾಕಿ ಗಜದಿಂದ ಜಡಿಯಬೇಕು. ಗಜವನ್ನು ಸ್ವಸ್ಥಾನಕ್ಕೆ ಸೇರಿಸಿ ಬಂದೂಕನ್ನು ಹೆಗಲಿಗೇರಿಸಬೇಕು. ಚೆನ್ನಾಗಿ ತರಬೇತಿ ಹೊಂದಿದವನು ನಿಮಿಷಕ್ಕೆ ಮೂರು ಬಾರಿ ಇಷ್ಟೆಲ್ಲವನ್ನು ಮಾಡಬಲ್ಲನು. ಎಂದರೆ ಎರಡು ಗುಂಡುಗಳ ನಡುವೆ 20 ಸೆಕೆಂಡು. ಕತ್ತಿ ಹಿಡಿದು ಓಡಿಬರುವ ಗಟ್ಟಿಮುಟ್ಟಾದ ಆಳು ಸೆಕೆಂಡಿಗೆ 5 ಮೀಟರ್ ಕ್ರಮಿಸುವನೆಂದು ಹಿಡಿದರೆ ಆ 20 ಸೆಕೆಂಡುಗಳಲ್ಲಿ ಅವನು 100 ಮೀಟರ್ ಬಂದಿರುತ್ತಾನೆ. ಆ ಕಾಲದ ಬಂದೂಕು ಒಬ್ಬ ಮನುಷ್ಯನನ್ನು ನಂಬಿಕೆಯಿಂದ ತಾಗುತ್ತಿದ್ದ ದೂರವೂ ಸುಮಾರು ಅಷ್ಟೇ, ಅದಕ್ಕಿಂತ ಕಡಿಮೆಯೇ ಎನ್ನಬೇಕು. ಆದುದರಿಂದ ಮೊದಲ ಗುಂಡನ್ನು ತಪ್ಪಿಸಿಕೊಂಡವನಿಗೆ ಎರಡನೆಯ ಗುಂಡು ಎದುರಾಗುವ ಮುನ್ನವೇ ಕೈಗೆ ಕೈ ಕೂಡುತ್ತಿತ್ತು. ಕತ್ತಿಯೂ ಶೌರ್ಯವೂ ಬಂದೂಕಿನೊಡನೆ ಸರಿಸಮನಾಗಿ ನಿಲ್ಲಲು ಇದ್ದ ತಾಣವೆಂದರೆ ಈ 20 ಸೆಕೆಂಡುಗಳೇ.

ಈ ಕೊರತೆಯನ್ನು ಯೂರೋಪಿನ ಸೈನ್ಯಗಳು ಜನರನ್ನು ಹೆಚ್ಚಿಸಿ ತುಂಬಿಕೊಂಡಿದ್ದವು. ಮೂರು ಸಾಲುಗಳು ಸರದಿಯಿಂದ ಗುಂಡು ಹಾರಿಸಿದರೆ ಅಂತರವು 20 ಸೆಕೆಂಡಿನಿಂದ ಸುಮಾರು 7 ಸೆಕೆಂಡಿಗೆ ಇಳಿಯುತ್ತದೆ. ಕವಾಯತು, ಸಾಲು, ಶಿಸ್ತು ಇವೆಲ್ಲದರ ಹಿಂದೆ ಇದ್ದ ಲೆಕ್ಕ ಇಷ್ಟೆ. ಆದರೆ ಸಾಲು ಕಟ್ಟುವುದಕ್ಕೂ ಹೊತ್ತು ಬೇಕು, ಸ್ಥಳ ಬೇಕು. ಹಠಾತ್ತಾಗಿ ಬಾಗಿಲು ತೆರೆದಾಗ ಎರಡೂ ದೊರೆಯುವುದಿಲ್ಲ. ಸಾಲುಗಟ್ಟಿ ನಿಂತ ಆರು ಜನರ ಸರದಿಯನ್ನು ಒಬ್ಬನ ಅಂಗೈಯಲ್ಲಿ ಅಡಗಿಸಲು ಸಾಧ್ಯವೆ? ರಿವಾಲ್ವರು ಈ ಪ್ರಶ್ನೆಗೆ ದೊರೆತ ಉತ್ತರ.

ಪ್ರಶ್ನೆಯು ಹೊಸದಲ್ಲ. ಹಲವು ಮದ್ದಿನ ಮನೆಗಳನ್ನು ಒಂದು ಉರುಳೆಯಲ್ಲಿ ಸುತ್ತಲೂ ಕೊರೆದು, ಅವನ್ನು ಒಂದಾದ ಮೇಲೊಂದರಂತೆ ಒಂದೇ ನಳಿಗೆಯ ಹಿಂದಕ್ಕೆ ತಿರುಗಿಸಿ ತರುವ ಯೋಚನೆಯು ಬಹಳ ಹಳೆಯದು. ಜರ್ಮನಿಯ ನ್ಯೂರೆಂಬರ್ಗಿನ ಹಾನ್ಸ್ ಸ್ಟಾಪ್ಲರನು 1597ರಲ್ಲಿ ಮಾಡಿದ ಇಂತಹ ಒಂದು ಆಯುಧ ಈಗಲೂ ನಾರ್ವೆ ದೇಶದಲ್ಲಿ ಉಳಿದಿದೆ. ಇಂಗ್ಲೆಂಡಿನಲ್ಲಿ ಜೇಮ್ಸ್ ಪಕಲ್ ಎಂಬ ವಕೀಲನು 1718ರಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸುವ ತಿರುಗುವ ಕೋವಿಗೆ ಪೇಟೆಂಟು ಪಡೆದನು. ನಮ್ಮ ದೇಶದ ಕಮ್ಮಾರರೂ ಬತ್ತಿಯ ಕೋವಿಗೆ ತಿರುಗುವ ಉರುಳೆಯನ್ನು ಜೋಡಿಸಿದ್ದುಂಟು. ಅಂತಹ ಭಾರತೀಯ ಕೋವಿಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಹಾಗಿದ್ದರೆ ಇನ್ನೂರು ಮುನ್ನೂರು ವರ್ಷಗಳ ಕಾಲ ಈ ಯೋಚನೆಯು ಏಕೆ ಕೈಗೂಡಲಿಲ್ಲ?

ತೊಡಕು ಇದ್ದುದು ತಿರುಗಿಸುವುದರಲ್ಲಲ್ಲ, ಹೊತ್ತಿಸುವುದರಲ್ಲಿ. ಚಕಮಕಿಯ ಬಂದೂಕಿನಲ್ಲಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ; ಕಿಡಿ ಬಟ್ಟಲಿನ ಪುಡಿಮದ್ದನ್ನು ಹೊತ್ತಿಸುತ್ತದೆ; ಆ ಜ್ವಾಲೆಯು ‘ಕಿವಿ’ ಎಂಬ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ತಲುಪುತ್ತದೆ. ಒಂದೇ ಮನೆಗೆ ಇದು ಸರಿ. ಐದು ಮನೆಗಳಿರುವ ಉರುಳೆಗಾದರೋ ಪ್ರತಿ ಸಲವೂ ಬಟ್ಟಲಿಗೆ ಹೊಸದಾಗಿ ಪುಡಿಮದ್ದು ಬೀಳಬೇಕು. ಉರುಳೆಯನ್ನು ತಲೆಕೆಳಗೆ ಮಾಡಿದರೆ ಅದು ಚೆಲ್ಲಿಹೋಗುತ್ತದೆ. ಬಯಲಲ್ಲಿ ಹಾರುವ ಕಿಡಿಯು ಪಕ್ಕದ ಮನೆಗೂ ತಾಗಬಹುದು. 1818ರಲ್ಲಿ ಎಲೈಷಾ ಕಾಲಿಯರ್ ಎಂಬ ಅಮೆರಿಕದವನು ಲಂಡನ್ನಿನಲ್ಲಿ ಪೇಟೆಂಟು ಪಡೆದ ಚಕಮಕಿ ರಿವಾಲ್ವರಿನಲ್ಲಿ, ಬಟ್ಟಲಿಗೆ ತಾನಾಗಿ ಮದ್ದು ಸುರಿಯುವ ಜಾಣ್ಮೆಯ ಏರ್ಪಾಡು ಇತ್ತು. ಉರುಳೆಯ ಮುಂಬದಿಯು ನಳಿಗೆಯ ಹಿಂತುದಿಯನ್ನು ಅಪ್ಪಿ ಹಿಡಿದು ಅನಿಲ ಸೋರದಂತೆಯೂ ಮಾಡಿತ್ತು. ಇದು ಒಳ್ಳೆಯ ಕೈಕೆಲಸ. ಆದರೆ ತುಂಬ ದುಬಾರಿ, ತುಂಬ ನಾಜೂಕು, ಮತ್ತು ಉರುಳೆಯನ್ನು ಕೈಯಿಂದಲೇ ತಿರುಗಿಸಬೇಕಿತ್ತು.

ಈ ಗಂಟನ್ನು ಬಿಡಿಸಿದ್ದು ಯಂತ್ರಶಾಸ್ತ್ರವಲ್ಲ, ರಸಾಯನಶಾಸ್ತ್ರ. 1800ರಲ್ಲಿ ಎಡ್ವರ್ಡ್ ಹೊವರ್ಡ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞನು ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಮದ್ಯಸಾರದೊಡನೆ ವರ್ತಿಸುವಂತೆ ಮಾಡಿ ಪಡೆದ ಮೆರ್ಕ್ಯುರಿ ಫಲ್ಮಿನೇಟನ್ನು ವರ್ಣಿಸಿದನು. ಇದಕ್ಕೆ ಕಿಡಿ ಬೇಡ. ಪೆಟ್ಟು ಸಾಕು, ಸಿಡಿಯುತ್ತದೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೊರ್ಸೈತನು ಪೆಟ್ಟಿಗೆ ಸಿಡಿಯುವ ಪುಡಿಗಳಿಂದ ಬಂದೂಕನ್ನು ಹೊತ್ತಿಸುವ ಕ್ರಮಕ್ಕೆ 1807ರಲ್ಲಿ ಪೇಟೆಂಟು ಪಡೆದನು. ಆತನ ಉದ್ದೇಶ ಯುದ್ಧವಾಗಿರಲಿಲ್ಲ. ಬಟ್ಟಲಿನ ಮಿಂಚನ್ನು ಕಂಡ ಹಕ್ಕಿಗಳು ಗುಂಡು ಬರುವ ಮೊದಲೇ ಹಾರಿಹೋಗುತ್ತಿದ್ದುದು ಬೇಟೆಯ ಹವ್ಯಾಸಿಯಾದ ಆ ಪಾದ್ರಿಗೆ ಬೇಸರ ತಂದಿತ್ತು, ಅಷ್ಟೆ! ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆ ಸ್ಫೋಟಕವನ್ನು ತಾಮ್ರದ ಪುಟ್ಟ ಟೋಪಿಯೊಳಗೆ ಅಂಟಿಸುವ ರೂಢಿ ಬಂದಿತು. ಅದನ್ನು ಮೊದಲು ಮಾಡಿದವರು ತಾವೆಂದು ಹಲವರು ಹೇಳಿಕೊಂಡರು. ನಮ್ಮ ಮಲೆನಾಡಿನ ಬೇಟೆಗಾರರು ‘ಕೇಪಿನ ಕೋವಿ’ ಎನ್ನುವಾಗ ಹೇಳುವ ಕೇಪು ಇದೇ. ದೀಪಾವಳಿಯಲ್ಲಿ ಮುನವಳ್ಳಿಯ ಅಂಗಡಿಯಿಂದ ಮಕ್ಕಳು ಕೊಂಡು ಕಲ್ಲಿನಿಂದ ಕುಟ್ಟುವ ಕೇಪಿನಲ್ಲಿ ಫಲ್ಮಿನೇಟು ಇರುವುದಿಲ್ಲ, ಆದರೂ ತತ್ತ್ವವು ಅದೇ.

ಕೇಪು ಬಂದೊಡನೆ ಪ್ರತಿಯೊಂದು ಮನೆಗೂ ತನ್ನದೇ ಆದ ಬೆಂಕಿಯನ್ನು ಮೊದಲೇ ಕಟ್ಟಿಕೊಡುವುದು ಸಾಧ್ಯವಾಯಿತು. ಚೆಲ್ಲುವ ಪುಡಿಯಿಲ್ಲ, ಬಟ್ಟಲಿಲ್ಲ. ಇನ್ನು ಬೇಕಾಗಿದ್ದುದು ತಿರುಗುವಿಕೆ ತನ್ನಷ್ಟಕ್ಕೆ ನಡೆಯುವಂತಹ ಏರ್ಪಾಡು.

ಆ ಏರ್ಪಾಡನ್ನು ಮಾಡಿದ ಸ್ಯಾಮ್ಯುಅಲ್ ಕೋಲ್ಟನು 1814ರ ಜುಲೈ 19ರಂದು ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಹುಟ್ಟಿದನು. 1830ರಲ್ಲಿ, ಹದಿನಾರು ವರ್ಷದ ಹುಡುಗನಾಗಿದ್ದಾಗ, ‘ಕೊರ್ವೋ’ ಎಂಬ ಹಡಗಿನಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ನಾವಿಕನಾಗಿ ಹೊರಟನು. ಹಡಗಿನಲ್ಲಿ ತಿರುಗುವ ಚಕ್ರವನ್ನೋ ಲಂಗರಿನ ಹಗ್ಗ ಸುತ್ತುವ ರಾಟೆಯನ್ನೋ ನೋಡುತ್ತಿದ್ದಾಗ ಅವನಿಗೆ ಈ ಕಲ್ಪನೆ ಹೊಳೆಯಿತೆಂದೂ ಮರದಲ್ಲಿ ಅದರ ಮಾದರಿಯನ್ನು ಕೆತ್ತಿದನೆಂದೂ ಹೇಳುತ್ತಾರೆ. ಅವನದೆನ್ನುವ ಮರದ ಮಾದರಿಯು ಹಾರ್ಟ್‌ಫರ್ಡಿನ ವ್ಯಾಡ್ಸ್‌ವರ್ತ್ ಅಥೀನಿಯಂ ಎಂಬ ಸಂಗ್ರಹಾಲಯದಲ್ಲಿದೆ. ಇಂತಹ ಕಥೆಗಳನ್ನು ನ್ಯೂಟನ್ನನ ಸೇಬಿನಂತೆಯೇ ತುಸು ಎಚ್ಚರಿಕೆಯಿಂದ ಕೇಳಬೇಕು. ಕೋಲ್ಟನು ತನ್ನ ಬಗೆಗೆ ತಾನೇ ಪ್ರಚಾರ ಮಾಡಿಕೊಳ್ಳುವುದರಲ್ಲಿ ನಿಪುಣನಾಗಿದ್ದನು. ಆದರೆ ಯಾನವು ನಿಜ, ಮತ್ತು ಅದರ ಕಾಲವು ನಮಗೆ ಮನಮುಟ್ಟುವಂತಹದು. ಚೆನ್ನಮ್ಮರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿಯೇ ತೀರಿಕೊಂಡಿದ್ದಳು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಿದಾಗ ಕೋಲ್ಟನು ಆ ಯಾನದಿಂದ ಇನ್ನೂ ಮನೆಗೆ ಮರಳಿರಲಿಲ್ಲ.

ಊರಿಗೆ ಮರಳಿದವನ ಕೈಯಲ್ಲಿ ಹಣವಿರಲಿಲ್ಲ. ಅವನು ‘ಡಾಕ್ಟರ್ ಕೋಲ್ಟ್’ ಎಂಬ ಹೆಸರು ಧರಿಸಿ, ನಗೆಯ ಅನಿಲವೆಂದು ಕರೆಯುವ ನೈಟ್ರಸ್ ಆಕ್ಸೈಡನ್ನು ಊರೂರಿನ ಜನರಿಗೆ ಮೂಸಲು ಕೊಟ್ಟು ಪ್ರದರ್ಶನ ನಡೆಸಿದನು. ಹೀಗೆ ಬಂದ ಹಣದಿಂದ ಬಾಲ್ಟಿಮೋರಿನ ಜಾನ್ ಪಿಯರ್ಸನ್ ಎಂಬ ಕುಶಲ ಕೋವಿಗಾರನಿಂದ ಮಾದರಿಗಳನ್ನು ಮಾಡಿಸಿದನು. ರಿವಾಲ್ವರಿನ ಹೆಸರು ಹೇಳುವಾಗ ಪಿಯರ್ಸನ್ನನನ್ನು ಯಾರೂ ನೆನೆಯುವುದಿಲ್ಲ, ಇದು ನ್ಯಾಯವಲ್ಲ. 1835ರಲ್ಲಿ ಇಂಗ್ಲೆಂಡಿನಲ್ಲಿಯೂ 1836ರ ಫೆಬ್ರವರಿ 25ರಂದು ಅಮೆರಿಕದಲ್ಲಿಯೂ ಕೋಲ್ಟನಿಗೆ ಪೇಟೆಂಟು ದೊರೆಯಿತು.

ಈಗ ಯಂತ್ರದ ರಚನೆಯನ್ನು ನೋಡೋಣ. ರಾಮದುರ್ಗ, ಸುರೇಬಾನಗಳ ಕಡೆ ಕೈಮಗ್ಗವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಉರುಳೆಯ ತುದಿಯಲ್ಲಿ ಒಂದು ಹಲ್ಲುಚಕ್ರವಿರುತ್ತದೆ. ಅದರ ಹಲ್ಲಿಗೆ ಒಂದು ಕೊಕ್ಕೆ ಸಿಕ್ಕಿಕೊಂಡಿರುತ್ತದೆ. ಚಕ್ರವು ಒಂದು ದಿಕ್ಕಿಗೆ ಹಲ್ಲುಹಲ್ಲಾಗಿ ಸರಿಯಬಲ್ಲದು, ಹಿಂದಕ್ಕೆ ಮರಳಲಾರದು. ಹಡಗಿನ ಲಂಗರಿನ ರಾಟೆಯಲ್ಲಿಯೂ ಇದೇ ಏರ್ಪಾಡು ಉಂಟು. ಕೋಲ್ಟನು ಗುಂಡಿನ ಉರುಳೆಯ ಹಿಂಬದಿಯಲ್ಲಿ ಇಂತಹ ಹಲ್ಲುಗಳನ್ನು ಕಡೆದು, ಅವನ್ನು ತಳ್ಳುವ ಕೊಕ್ಕೆಯನ್ನು ಕೇಪಿಗೆ ಬಡಿಯುವ ಸುತ್ತಿಗೆಯ ಬುಡಕ್ಕೆ ಜೋಡಿಸಿದನು. ಹೆಬ್ಬೆರಳಿನಿಂದ ಸುತ್ತಿಗೆಯನ್ನು ಹಿಂದಕ್ಕೆ ಎಳೆದಾಗ ಕೊಕ್ಕೆಯು ಮೇಲೆದ್ದು ಒಂದು ಹಲ್ಲನ್ನು ತಳ್ಳುತ್ತದೆ. ಉರುಳೆಯಲ್ಲಿ ಆರು ಮನೆಗಳಿದ್ದರೆ ಅದು 60 ಅಂಶ, ಐದಿದ್ದರೆ 72 ಅಂಶ ತಿರುಗುತ್ತದೆ. ತಿರುಗಿ ಮುಗಿಯುವ ಕ್ಷಣಕ್ಕೆ ಕೆಳಗಿನಿಂದ ಒಂದು ಅಗುಳಿಯು ಉರುಳೆಯ ಮೈಯಲ್ಲಿರುವ ಗುಳಿಯೊಳಗೆ ಬಿದ್ದು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಅದೇ ಎಳೆತದಲ್ಲಿ ಸುತ್ತಿಗೆಯ ಸ್ಪ್ರಿಂಗೂ ಬಾಗಿ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಬೆರಳು ಟ್ರಿಗರನ್ನು ಒತ್ತಿದೊಡನೆ ಆ ಶಕ್ತಿಯು ಬಿಡುಗಡೆಯಾಗಿ ಸುತ್ತಿಗೆಯು ಕೇಪಿನ ಮೇಲೆ ಬೀಳುತ್ತದೆ. ಹೆಬ್ಬೆರಳಿನ ಒಂದೇ ಚಲನೆಯಿಂದ ತಿರುಗುವುದು, ನಿಲ್ಲುವುದು, ಶಕ್ತಿ ಕೂಡುವುದು ಈ ಮೂರೂ ನೆರವೇರುತ್ತವೆ. ಕೋಲ್ಟನ ನಿಜವಾದ ಸಾಧನೆ ಇಲ್ಲಿದೆ.

ಅಗುಳಿಯು ಚಿಕ್ಕ ಭಾಗವೆಂದು ಕಡೆಗಣಿಸುವಂತಿಲ್ಲ. ಉರುಳೆಯ ನಡುಗೀಲಿನಿಂದ ಮನೆಯ ನಡುವಿಗೆ 12 ಮಿಲಿಮೀಟರ್ ದೂರವೆಂದು ಹಿಡಿಯೋಣ. ಉರುಳೆಯು ನಿಲ್ಲಬೇಕಾದಲ್ಲಿಗಿಂತ ಒಂದು ಅಂಶ ಆಚೆ ನಿಂತರೆ ಮನೆಯು ನಳಿಗೆಯ ನೇರದಿಂದ 0.2 ಮಿಲಿಮೀಟರಿನಷ್ಟು ಸರಿಯುತ್ತದೆ. ಐದು ಅಂಶ ತಪ್ಪಿದರೆ ಒಂದು ಮಿಲಿಮೀಟರ್. ಆಗ ಸೀಸದ ಗುಂಡು ನಳಿಗೆಯ ಅಂಚಿಗೆ ತಾಗಿ ಚೂರು ಹಾರುತ್ತದೆ. ತಪ್ಪು ಇನ್ನೂ ಹೆಚ್ಚಿದರೆ ಆಯುಧವೇ ಒಡೆಯಬಹುದು.

ಉರುಳೆ ತಿರುಗಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು. ಆ ಸಂದಿನಿಂದ ಪ್ರತಿ ಸಲವೂ ಬಿಸಿ ಅನಿಲವು ಪಕ್ಕಕ್ಕೆ ಚಿಮ್ಮುತ್ತದೆ. ಈ ಬೆಂಕಿಯು ಪಕ್ಕದ ಮನೆಯ ಮದ್ದಿಗೆ ಹತ್ತಿದರೆ ಎರಡು ಮೂರು ಮನೆಗಳು ಒಟ್ಟಿಗೆ ಸಿಡಿಯುವ ಅಪಾಯವಿತ್ತು. ಇದನ್ನು ತಡೆಯಲು ಮನೆಗಿಂತ ತುಸು ದಪ್ಪನಾದ ಗುಂಡನ್ನು ಸನ್ನೆಗೋಲಿನಿಂದ ಒತ್ತಿ ಕೂರಿಸುತ್ತಿದ್ದರು. ಅಂಚಿನ ಸೀಸವು ಉಂಗುರದಂತೆ ಸುಲಿದು ಗುಂಡು ಬಿರಡೆಯಂತೆ ಬಿಗಿಯುತ್ತಿತ್ತು. ಅದರ ಮೇಲೆ ಕೊಬ್ಬನ್ನೂ ಸವರುವ ರೂಢಿಯಿತ್ತು. ಕೇಪುಗಳ ನಡುವೆ ಗೋಡೆಗಳನ್ನಿಟ್ಟುದು ಕೋಲ್ಟನ ಪೇಟೆಂಟಿನಲ್ಲಿಯೇ ಸೇರಿತ್ತು. ಪಿಸ್ತೂಲಿಗೆ ಒಗ್ಗಿದ ಈ ರಚನೆಯು ಉದ್ದ ಬಂದೂಕಿಗೆ ಏಕೆ ಒಗ್ಗಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ: ಬಂದೂಕು ಹಿಡಿದವನ ಎಡಗೈ ಆ ಸಂದಿನ ಮುಂದೆಯೇ ಇರುತ್ತದೆ.

ಆವಿಷ್ಕಾರವು ಒಡನೆಯೇ ಗೆಲ್ಲಲಿಲ್ಲ. ನ್ಯೂ ಜೆರ್ಸಿಯ ಪ್ಯಾಟರ್ಸನ್ನಿನಲ್ಲಿ 1836ರಲ್ಲಿ ತೆರೆದ ಕಾರ್ಖಾನೆಯು ಐದು ಮನೆಯ ರಿವಾಲ್ವರುಗಳನ್ನು ಮಾಡಿ 1842ರಲ್ಲಿ ಮುಚ್ಚಿತು. ಟೆಕ್ಸಾಸಿನ ಕುದುರೆಸವಾರರು ಅವುಗಳ ಬೆಲೆಯನ್ನು ಅರಿತಿದ್ದರು. ಅವರಲ್ಲಿ ಒಬ್ಬನಾದ ಕ್ಯಾಪ್ಟನ್ ಸ್ಯಾಮ್ಯುಅಲ್ ವಾಕರನ ಸಲಹೆಯಂತೆ ತಿದ್ದಿದ ಆರು ಮನೆಯ ದೊಡ್ಡ ರಿವಾಲ್ವರುಗಳು ಸಾವಿರ ಬೇಕೆಂದು ಅಮೆರಿಕದ ಸರ್ಕಾರವು ಬೇಡಿಕೆ ಇತ್ತಿತು. ಮೆಕ್ಸಿಕೋ ಯುದ್ಧಕ್ಕಾಗಿ 1847ರಲ್ಲಿ ಇವು ತಯಾರಾದುದು ಇನ್ನೊಬ್ಬರ ಕಾರ್ಖಾನೆಯಲ್ಲಿ, ಏಕೆಂದರೆ ಕೋಲ್ಟನಿಗೆ ಆಗ ತನ್ನದೆನ್ನುವ ಕಾರ್ಖಾನೆಯೇ ಇರಲಿಲ್ಲ. ಒಂದೊಂದರ ತೂಕ ಎರಡು ಕಿಲೋಗ್ರಾಮು! 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವನು ತನ್ನ ಆಯುಧಗಳನ್ನಿಟ್ಟನು. ಅದೇ ವರ್ಷ ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಯಂತ್ರಗಳಿಂದ ಕೋವಿ ತಯಾರಿಸುವುದನ್ನು ಕುರಿತು ಪ್ರಬಂಧ ಓದಿ, ತನಗಿಂತ ಹಿಂದಿನ ತಿರುಗುವ ಕೋವಿಗಳನ್ನು ತಾನೇ ವರ್ಣಿಸಿದನು. 1853ರಲ್ಲಿ ಲಂಡನ್ನಿನಲ್ಲಿಯೇ ಕಾರ್ಖಾನೆ ತೆರೆದನು. ಅದು 1856ರವರೆಗೆ ನಡೆಯಿತು. ಭಾಗಗಳನ್ನು ಯಂತ್ರದಿಂದ ಒಂದೇ ಅಳತೆಗೆ ಕಡೆಯುವ ಈ ಕ್ರಮದಲ್ಲಿ ಎಲೈಷಾ ರೂಟ್ ಎಂಬ ಯಂತ್ರಜ್ಞನ ಕೈವಾಡ ದೊಡ್ಡದು. ಒಂದು ಕೋವಿಯ ಭಾಗವು ಇನ್ನೊಂದಕ್ಕೆ ಹಾಗೆಯೇ ಕೂಡುವುದೆಂದು ಕೋಲ್ಟನು ಹೇಳಿಕೊಂಡರೂ ಕೊನೆಯ ಅರದ ಕೆಲಸ ಕೈಯಿಂದಲೇ ಆಗಬೇಕಿತ್ತು.

ಇಂಗ್ಲೆಂಡಿನಲ್ಲಿ ಅವನಿಗೆ ಎದುರಾಳಿಯಾದವನು ರಾಬರ್ಟ್ ಆಡಮ್ಸ್. 1851ರ ಆಡಮ್ಸ್ ರಿವಾಲ್ವರಿನಲ್ಲಿ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಿರಲಿಲ್ಲ. ಟ್ರಿಗರನ್ನು ಒತ್ತಿದರೆ ತಿರುಗುವುದು, ಏಳುವುದು, ಬೀಳುವುದು ಎಲ್ಲವೂ ಆಗುತ್ತಿದ್ದವು. ಗುರಿಯ ನಿಖರತೆ ತುಸು ಕಡಿಮೆ, ವೇಗ ಹೆಚ್ಚು. 1855ರಲ್ಲಿ ಬ್ಯೂಮಾಂಟ್ ಎಂಬ ಸೇನಾಧಿಕಾರಿಯು ಎರಡೂ ಬಗೆಯಿಂದ ಹಾರಿಸಬಹುದಾದಂತೆ ಅದನ್ನು ತಿದ್ದಿದನು. 1857ರ ವೇಳೆಗೆ ಭಾರತದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳ ಸೊಂಟದಲ್ಲಿ ಕೋಲ್ಟ್ ಇಲ್ಲವೆ ಆಡಮ್ಸ್ ಇರುವುದು ಅಪರೂಪವಾಗಿರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬೇಕು. ಆರು ಗುಂಡುಗಳನ್ನು 12 ಸೆಕೆಂಡುಗಳಲ್ಲಿ ಹಾರಿಸಿದೆವೆನ್ನೋಣ. ಆಮೇಲೆ ಆರು ಮನೆಗಳಿಗೂ ಮದ್ದು ಸುರಿದು, ಗುಂಡು ಒತ್ತಿ, ಕೇಪು ತೊಡಿಸಲು ಮೂರು ನಿಮಿಷ ಬೇಕೆನ್ನೋಣ. ಒಟ್ಟು 192 ಸೆಕೆಂಡುಗಳಿಗೆ ಆರು ಗುಂಡು, ಎಂದರೆ ನಿಮಿಷಕ್ಕೆ ಎರಡೂ ಇಲ್ಲ. ಹಳೆಯ ಚಕಮಕಿ ಬಂದೂಕಿನ ಸರಾಸರಿಯು ನಿಮಿಷಕ್ಕೆ ಮೂರು! ಸರಾಸರಿಯಲ್ಲಿ ರಿವಾಲ್ವರು ಸೋಲುತ್ತದೆ. ಆದರೆ ಎದುರಾಳಿಯು ಓಡಿಬರುವ ಆ 20 ಸೆಕೆಂಡುಗಳಲ್ಲಿ ಬಂದೂಕಿನವನದು ಒಂದೇ ಗುಂಡು, ರಿವಾಲ್ವರಿನವನವು ಆರು. ಸರಾಸರಿ ವೇಗಕ್ಕೂ ತತ್ಕ್ಷಣದ ವೇಗಕ್ಕೂ ಇರುವ ಭೇದವನ್ನು ಪಾಠದಲ್ಲಿ ಓದುತ್ತೇವೆ. ಅದು ಬದುಕು ಸಾವುಗಳ ಭೇದವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

ಕಿತ್ತೂರಿನ ಕಾಳಗವಾಗಿ ಮೂವತ್ತು ಮೂರು ವರ್ಷಗಳ ಮೇಲೆ ನಮ್ಮ ಸೀಮೆಯಲ್ಲಿ ಮತ್ತೆ ಬೆಂಕಿ ಎದ್ದಾಗ ಆಯುಧಗಳ ಈ ಅಂತರವು ಬೇರೆ ರೂಪ ತಾಳಿತ್ತು. 1857ರಲ್ಲಿ ಸರ್ಕಾರವು ಜನರ ಬಳಿಯಿದ್ದ ಆಯುಧಗಳ ಮೇಲೆ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ನವೆಂಬರಿನಲ್ಲಿ ಸಿಡಿದೆದ್ದರು. ಊರಿಗೆ ಬೆಂಕಿ ಬಿತ್ತು; ಹಿಡಿದವರಲ್ಲಿ ಅನೇಕರಿಗೆ ಗಲ್ಲಾಯಿತು. ಫ್ಲೀಟ್ ಸಂಗ್ರಹಿಸಿದ ಹಲಗಲಿಯ ಲಾವಣಿಯನ್ನು ಕನ್ನಡ ಪಾಠದಲ್ಲಿ ಓದಿದವರು ನಿಮ್ಮಲ್ಲಿ ಹಲವರಿರಬಹುದು. ಬೇಡನಿಗೆ ಕೋವಿಯು ಬೇಟೆಯ ಬದುಕು, ಮನೆತನದ ಮಾನ. ಅವನ ಕೈಯಲ್ಲಿದ್ದುದು ಒಂದೊಂದೇ ಗುಂಡಿನ ನಾಡಕೋವಿ. ಅದನ್ನೂ ಕೊಡೆಂದು ಕೇಳಿದವರ ಕೈಯಲ್ಲಿದ್ದುದು ಯಂತ್ರಗಳ ಯುಗದ ಆಯುಧ.

ಮರುವರ್ಷ ಮೇ 29ರ ರಾತ್ರಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನನು ರಾಮದುರ್ಗದಿಂದ ನರಗುಂದದ ಕಡೆಗೆ ಹೊರಟು ದಾರಿಯಲ್ಲಿ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದ ಬಾಬಾಸಾಹೇಬನ ಜನರು ಅವನ ಮೇಲೆ ಬಿದ್ದು ಕೊಂದರು. ನಿದ್ರೆಯಲ್ಲಿದ್ದವನಿಗೆ ಯಾವ ಯಂತ್ರರಚನೆಯೂ ನೆರವಾಗದು. ಆದರೆ ನರಗುಂದದ ಕೋಟೆಯು ಕೆಲವೇ ದಿನಗಳಲ್ಲಿ ಬಿದ್ದಿತು; ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕೋಟೆ ಬಿದ್ದುದು ರಿವಾಲ್ವರಿನಿಂದಲ್ಲ, ಸೈನ್ಯಬಲದಿಂದ. ಅಧಿಕಾರಿಯ ಸೊಂಟದ ಆಯುಧವು ಯುದ್ಧವನ್ನು ಗೆದ್ದುಕೊಡಲಾರದು. ಒಬ್ಬನೆದುರು ಒಬ್ಬನು ನಿಂತಾಗಿನ ಫಲವನ್ನು ಮಾತ್ರ ಬದಲಿಸೀತು.

ಉಳಿದಿದ್ದುದು ಆ ಮೂರು ನಿಮಿಷಗಳ ಸಮಸ್ಯೆ. ಅದೂ ಹೆಚ್ಚು ಕಾಲ ಉಳಿಯಲಿಲ್ಲ. ಮದ್ದು, ಗುಂಡು, ಹೊತ್ತಿಸುವ ಸ್ಫೋಟಕ ಈ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಅಡಗಿಸಿದ ತೋಟಾ, ಅಂದರೆ ಕಾಡತೂಸು, ಬಂದಿತು. ಅದನ್ನು ಹಿಂದಿನಿಂದ ಸೇರಿಸಬೇಕಾದರೆ ಉರುಳೆಯ ಮನೆಗಳು ಆರಪಾರ ಕೊರೆದಿರಬೇಕು. ಅದಕ್ಕೆ ರಾಲಿನ್ ವೈಟನು 1855ರಲ್ಲಿ ಪೇಟೆಂಟು ಪಡೆದನು. ಸ್ಮಿತ್ ಮತ್ತು ವೆಸ್ಸನ್ ಕಂಪನಿಯು ಆ ಹಕ್ಕನ್ನು ಪಡೆದುಕೊಂಡು 1857ರಲ್ಲಿ ಏಳು ಮನೆಯ ಪುಟ್ಟ ರಿವಾಲ್ವರನ್ನು ಹೊರತಂದಿತು. ಅಮೆರಿಕದ ಉಳಿದ ತಯಾರಕರು 1869ರಲ್ಲಿ ಪೇಟೆಂಟಿನ ಅವಧಿ ತೀರುವವರೆಗೆ ಕಾಯಬೇಕಾಯಿತು. ಕೋಲ್ಟನು 1862ರಲ್ಲಿಯೇ ತೀರಿಕೊಂಡಿದ್ದನು. ಅವನ ಕಂಪನಿಯ ಪ್ರಸಿದ್ಧವಾದ ತೋಟಾ ರಿವಾಲ್ವರು ಬಂದುದು 1873ರಲ್ಲಿ. ಇದರಿಂದ ಮದ್ದು ಸುರಿಯುವ, ಗುಂಡು ಒತ್ತುವ, ಕೇಪು ತೊಡಿಸುವ ಕೆಲಸಗಳು ಒಂದಾಗಿ, ಸರಾಸರಿಯಲ್ಲಿಯೂ ರಿವಾಲ್ವರು ಹಳೆಯ ಬಂದೂಕನ್ನು ಹಿಂದೆ ಹಾಕಿತು.

ಅದಾಗಿ ಐದು ವರ್ಷಕ್ಕೆ, 1878ರಲ್ಲಿ, ಲಿಟ್ಟನ್ನನ ಆಡಳಿತದಲ್ಲಿ ಭಾರತದ ಆಯುಧ ಕಾಯಿದೆ ಜಾರಿಗೆ ಬಂದಿತು. ಯೂರೋಪಿಯನ್ನರಿಗೆ ಅದರಿಂದ ವಿನಾಯಿತಿ ಇತ್ತು. ನಮ್ಮ ನಾಡಿನಲ್ಲಿ ಕೊಡವರಿಗೂ ವಿನಾಯಿತಿ ದೊರೆತಿತ್ತು. ಬೈಲಹೊಂಗಲ, ಸವದತ್ತಿಗಳ ರೈತನು ಹೊಲಕ್ಕೆ ಬರುವ ಹಂದಿಯನ್ನು ಹೆದರಿಸಲು ಅಜ್ಜನ ಕಾಲದ ಬತ್ತಿಯ ಕೋವಿಯನ್ನು ಇಟ್ಟುಕೊಳ್ಳಬೇಕಾದರೂ ಸರ್ಕಾರದ ಲೈಸೆನ್ಸು ಬೇಕಾಯಿತು.